ಒಂದೇ ಹಗಲಿನ ಕಾಲು

ಈಶಪ್ಪನ ತಾಪತ್ರಯಗಳೆಲ್ಲ ಸುರುವಾದದ್ದು ಅವನಿಗೆ ಕಾಲು ಬಂದ ಮೇಲೆ. ಅಲ್ಲಿಯತನಕ ಒಂದೇ ಕಾಲಿನಲ್ಲಿ ಅವನು ಸುಖವಾಗಿಯೇ ಇದ್ದ.

ಗದಗಿನ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊಲಿಯುವುದು ಅವನ ಕೆಲಸ. ಸಣ್ಣವನಿದ್ದಾಗ ಹತ್ತಿ ಹೇರಿದ ಚಕ್ಕಡಿ ಹಾಯ್ದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಚೀಲ ಹೊಲಿಯಲು ಕಾಲು ಬೇಕಿಲ್ಲ. ಅವನ ಹುಚ್ಚು ಹಾಕಿ ಆಟ. ಅದಕ್ಕಾದರೂ ಕಾಲು ಬೇಕಲ್ಲ ಎನ್ನುವವರು ಗದಗ-ಬೆಟಗೇರಿಯ ಮಣೆ ಹಾಕಿಯನ್ನು ನೋಡಿದವರಲ್ಲ.

ಮಿಲ್ಲಿನ ಹಿಂದಿನ ಗೋದಾಮಿನ ಕಲ್ಲುಹಾಸಿನ ಮೇಲೆ ವರ್ಷಗಟ್ಟಲೆ ಎಣ್ಣೆ ಸೋರಿ, ಇರುವೆ ಕೂಡ ಜಾರಿ ಬೀಳುವಂತಾಗಿತ್ತು. ಕಾಲಿದ್ದವರು ಅಲ್ಲಿ ಕಾಲಿಡಲು ಅಂಜುತ್ತಿದ್ದರು. ಕಾಲು ಕಳೆದುಕೊಂಡವರು ಮಾತ್ರ ಊಟದ ಮಣೆಯ ಮೇಲೆ ಕೂತು, ನಡುವಿಗೆ ಪಟ್ಟಿ ಬಿಗಿದು, ಕೈಗೊಂದು ಮೋಟು ಕೋಲು ಹಿಡಿದು ಮೀನಿನ ಹಾಗೆ ಓಡಾಡುತ್ತಿದ್ದರು. ಕೋಲಿನ ಒಂದು ತುದಿಗೆ ಮೊಳೆ, ಅದರಿಂದ ನೆಲ ಒತ್ತಿ ಮುಂದೆ ಜಾರುವುದು. ಇನ್ನೊಂದು ತುದಿ ಕೊಕ್ಕೆ, ಅದರಿಂದ ಹುಣಸೆ ಕಟ್ಟಿಗೆಯ ಬಿಲ್ಲೆಯನ್ನು ಹೊಡೆಯುವುದು. ಎರಡು ಎಣ್ಣೆ ಡಬ್ಬಿಗಳ ನಡುವೆ ಬಿಲ್ಲೆ ಹೊಕ್ಕರೆ ಗೋಲು. ಗದಗಿನ ಕಡೆ ಐವರು, ಬೆಟಗೇರಿಯ ಕಡೆ ಐವರು, ಹೆಚ್ಚಿನವನೆಂದು ಎಲ್ಲಿಯೂ ಒಬ್ಬನಿಲ್ಲ. ಎರಡೂ ಊರಿಗೆ ಮುನಸಿಪಾಲಿಟಿ ಒಂದೇ, ಆದರೆ ಈ ಆಟದ ಮಟ್ಟಿಗೆ ಹಾವು-ಮುಂಗುಸಿ.

ಬೀದಿಯಲ್ಲಿ ಕಂಕುಳಿಗೆ ಕೋಲು ಕೊಟ್ಟುಕೊಂಡು ಹೊರಟರೆ ಈಶಪ್ಪನನ್ನು ನೋಡಿ ಜನ ಲೊಚಗುಟ್ಟುತ್ತಿದ್ದರು. ಮಣೆಯ ಮೇಲೆ ಕೂತನೆಂದರೆ ಅದೇ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಅವನಿಗೆ ಬೇಕಾದದ್ದು ಅಷ್ಟೇ. ಆದರೆ ತಾಯಿ ಹುಚ್ಚವ್ವ ಮಾತ್ರ ಮಗನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಮಗ ನೆಲದ ಮೇಲೆ ತೆವಳುವುದನ್ನು ನೋಡುವ ಶಕ್ತಿ ತನಗಿಲ್ಲ ಎಂದು ಹಟ ಹಿಡಿದಿದ್ದಳು. ಈಗ ಕನ್ನಡ ನಾಡು ಒಂದಾಗುವ ದಿನ, ನವೆಂಬರ್ ಒಂದನೆಯ ತಾರೀಖು ಸಂಜೆ, ಊರ ದೊಡ್ಡವರೆಲ್ಲರ ಎದುರಿಗೆ ಪಂದ್ಯ. ಈಶಪ್ಪ ಕಾಡಿ ಬೇಡಿದ ಮೇಲೆ, ಬೆಳ್ಳಟ್ಟಿಯ ಮಗಳ ಮನೆಗೆ ಹೋಗಿದ್ದವಳು ಸಂಜೆಯ ಮೋಟಾರಿಗೆ ಬರಲು ಒಪ್ಪಿದ್ದಳು.

ಆ ದಿನ ಬೆಳಿಗ್ಗೆ ಮನೆಯ ಮುಂದೆ ಹಲಗೆ ಬಾರಿಸುವ ಸದ್ದಾಯಿತು. ಮಿಲ್ಲಿನ ಹೆಡ್ ಕ್ಲಾರ್ಕ್ ಶ್ರೀನಿವಾಸರಾಯರು ಓಣಿಯ ಉತ್ಸವ ಕಮಿಟಿಯನ್ನು ಬೆನ್ನಿಗಿಟ್ಟುಕೊಂಡು ಬಂದಿದ್ದರು. ಪರೋಪಕಾರವೆಂದರೆ ರಾಯರಿಗೆ ನಶ್ಯ ಇದ್ದಂತೆ, ತಾವು ಏರಿಸಿದರೂ ಸೀನುವುದು ಪಕ್ಕದವರು. ಕೈಯಲ್ಲಿದ್ದ ಗಂಟಿನ ಶಾಲು ಸರಿಸಿದರೆ ಒಳಗೆ ಸಾಗವಾನಿಯ ಒಂದು ಕಾಲು ಥಳಥಳ ಹೊಳೆಯುತ್ತಿತ್ತು.

"ನಾಡು ಒಂದಾಗೋ ದಿನ ನೀನೂ ಇಡೀ ಆಗಬೇಕು, ಈಶಪ್ಪ," ಎಂದರು ರಾಯರು. "ಇವತ್ತಿನಿಂದ ನೀ ಎರಡು ಕಾಲಿನ ಮನಷ್ಯಾ."

ಗುಟ್ಟು ಒಡೆಯಬಾರದೆಂದು ಬಡಿಗ ಇವನು ಮಲಗಿದ್ದಾಗ ಬಂದು ಕಂಬಳಿಯ ಮೇಲಿಂದ ಅಳತೆ ತೆಗೆದಿದ್ದನಂತೆ. ಹೀಗಾಗಿ ಕಾಲು ಎರಡು ಬೆರಳು ಗಿಡ್ಡ. ಚರ್ಮದ ಪಟ್ಟಿ ಬಿಗಿದು ನಿಲ್ಲಿಸಿದರೆ ಈಶಪ್ಪ ಒಂದು ಕಡೆ ಹೇರು ಹೆಚ್ಚಾದ ಚಕ್ಕಡಿಯಂತೆ ವಾಲಿದ. ಆದರೂ ನಿಂತ. ಕಂಕುಳಲ್ಲಿ ಕೋಲಿಲ್ಲದೆ ನಿಂತಾಗ ಎರಡೂ ಕೈ ಖಾಲಿಯಾದವು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಜೋಡಿಸಿದ. ನಿಂತು ಎರಡು ಕೈ ಮುಗಿದದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು. ಮುಗಿದ ಕೈಗಳನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡ.

ಆ ಗಳಿಗೆ ಮುಗಿಯುವುದರೊಳಗೆ ಬೆಟಗೇರಿಯ ಚನ್ನಬಸವಣ್ಣ ಬಂದ. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವವನು, ಬೆಟಗೇರಿಯ ನಾಯಕ, ಗೋಲು ಕಾಯುವುದರಲ್ಲಿ ಕೋಟೆಯ ಅಗಸಿ ಬಾಗಿಲು. ಅವನಿಗೂ ಇಲ್ಲದ್ದು ಎಡಗಾಲೇ. ಈಶಪ್ಪನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಇವತ್ತು ನೀನು ಆಡುವ ಹಾಗಿಲ್ಲ ಎಂದ.

ಆಟದ ಆ ರೂಲು ಮಾಡಿದವನು ಈಶಪ್ಪನೇ. ಹಿಂದಿನ ವರ್ಷ ಬೆಟಗೇರಿಯವರು ಕಾಲು ಉಳುಕಿದವನೊಬ್ಬನನ್ನು ಮಣೆಯ ಮೇಲೆ ಕೂರಿಸಿ ತಂದಾಗ, ಜಗಳ ಮಾಡಿ ಬರೆಸಿದ್ದ: ಕೋಲಿನ ಆಸರೆಯಿಲ್ಲದೆ ಎರಡು ಕಾಲ ಮೇಲೆ ನಿಲ್ಲಬಲ್ಲವನು ಆಡಕೂಡದು.

"ಬಿಚ್ಚಿಟ್ಟು ಆಡ್ತೀನಲೇ," ಎಂದ ಈಶಪ್ಪ.

"ಚಪ್ಪಲಿ ಗುಡಿ ಹೊರಗ ಬಿಟ್ಟು ಬಂದಾಂವ ಬರಿಗಾಲಿನಾಂವ ಆಗ್ತಾನೇನು? ಹೊಳ್ಳಿ ಹೋಗುವಾಗ ಹಾಕ್ಕೊಂಡ ಹೋಗ್ತಾನ. ಕಾಲು ನಿನ್ನ ಹೆಸರೀಲೆ ಇರೂತನಕ ನೀ ಕಾಲಿದ್ದಾಂವನ."

ಈಶಪ್ಪ ಇಲ್ಲದಿದ್ದರೆ ಗದಗಿಗೆ ನಾಲ್ಕೇ ಜನ, ಪಂದ್ಯವೇ ಇಲ್ಲ. ತಾಯಿ ಬರುವ ಒಂದೇ ದಿನ. ಕಾಲನ್ನು ಕಂಕುಳಲ್ಲಿಟ್ಟುಕೊಂಡು ರಾಯರ ಮನೆಗೆ ಹೋಗಿ, ತಿರುಗಿ ತೆಗೆದುಕೊಳ್ಳಿರೆಂದು ಅಂಗಲಾಚಿದ. ದಾನ ಕೊಟ್ಟದ್ದನ್ನು ಹಿಂದೆ ತೆಗೆದುಕೊಂಡರೆ ಮುಂದಿನ ಜನ್ಮದಲ್ಲಿ ತಮಗೇ ಕಾಲಿರುವುದಿಲ್ಲವೆಂದು ರಾಯರು ನೊಂದುಕೊಂಡರು. ಅವರ ಮನೆಯವರು ಕಾಲಿಗೆ ಕುಂಕುಮ ಹಚ್ಚಿ ಕಳಿಸಿದರು.

ಕಾಲು ಕಳೆದೇ ಹೋದರೆ? ಈಶಪ್ಪ ಮಿಲ್ಲಿನ ಹಿತ್ತಲಿಗೆ ಹೋಗಿ ಅದನ್ನು ಶೇಂಗಾ ಹೊಟ್ಟಿನ ಗುಡ್ಡೆಯಲ್ಲಿ ಹುಗಿದು ಬಂದ. ಸ್ವಲ್ಪ ಹೊತ್ತಿಗೆ ಎದುರು ಮನೆಯ ಜೈಬುನ್ನೀಸಾ ಒಲೆಗೆ ಹೊಟ್ಟು ತುಂಬಲು ಬುಟ್ಟಿ ಒಯ್ದಳು. ಗುಡ್ಡೆಗೆ ಬುಟ್ಟಿ ಚುಚ್ಚಿ ಎಳೆದರೆ ಕುಂಕುಮ ಹಚ್ಚಿದ ಪಾದವೊಂದು ಹೊರಗೆ ಬಂತು. ಅವಳ ಕೂಗಿಗೆ ಓಣಿಯೇ ಕೂಡಿತು. ಯಾರನ್ನೋ ಕೊಂದು ಹುಗಿದಿದ್ದಾರೆಂದು ಒಬ್ಬ, ಬಲಿ ಕೊಟ್ಟಿದ್ದಾರೆಂದು ಇನ್ನೊಬ್ಬ. ಪೊಲೀಸಪ್ಪ ಬಂದು ಲಾಠಿಯಿಂದ ಬಡಿದು ನೋಡಿದಾಗ ಕಟ್ಟಿಗೆಯ ಸದ್ದು ಬಂತು. ಕೊನೆಗೆ ಕಳೆದ ಕಾಲು ಸಿಕ್ಕಿತೆಂದು ಎಲ್ಲರೂ ಸೇರಿ ಮೆರವಣಿಗೆಯಲ್ಲಿ ತಂದೊಪ್ಪಿಸಿದರು. ಇಷ್ಟು ಚಂದದ ಕಾಲನ್ನು ಜೋಪಾನ ಮಾಡಲು ಬರುವುದಿಲ್ಲವೇ ಎಂದು ಜೈಬುನ್ನೀಸಾ ಬೈದಳು. ಈಶಪ್ಪ ಕೈ ಮುಗಿಯಬೇಕಾಯಿತು.

ಮಧ್ಯಾಹ್ನ ಉತ್ಸವದ ಸಭೆಯಲ್ಲಿ ಧ್ವಜದ ಕಟ್ಟೆಯ ಮುಂದೆ ಕೂತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಕಾಲನ್ನು ಚನ್ನಬಸವಣ್ಣನಿಗೇ ದಾನ ಮಾಡಿಬಿಟ್ಟರೆ? ಮಂದಿಯ ಎದುರಿಗೆ ಅವನು ಒಲ್ಲೆ ಎನ್ನಲಾರ. ಆಮೇಲೆ ರೂಲಿನ ಉರುಲು ಅವನ ಕೊರಳಿಗೆ. ಆಡಲು ಬಿಡು ಎಂದು ತಾನಾಗಿ ಬಂದು ಕೈ ಹಿಡಿದಾನು. ಆಗ ದೊಡ್ಡ ಮನಸ್ಸು ಮಾಡಿ ರೂಲು ತೆಗೆದು ಹಾಕಿದರೆ ಆಯಿತು, ಇಬ್ಬರೂ ಆಡಬಹುದು.

ರಾಯರ ಭಾಷಣ ಮುಗಿಯುತ್ತಲೇ ಈಶಪ್ಪ ಕೋಲೂರಿ ಕಟ್ಟೆ ಹತ್ತಿದ. ನಾಡು ಒಂದಾದ ದಿನ ಗದಗಿನ ಕಾಲು ಬೆಟಗೇರಿಗೆ ಸೇರಲಿ, ಎರಡು ಊರೂ ಒಂದಾಗಲಿ ಎಂದ. ಜನ ಚಪ್ಪಾಳೆ ಹೊಡೆದರು, ರಾಯರು ಕಣ್ಣೊರೆಸಿಕೊಂಡರು. ಚನ್ನಬಸವಣ್ಣ ಗುಮಾನಿಯಿಂದಲೇ ಕಟ್ಟೆಗೆ ಬಂದ.

ಕಾಲು ಅವನಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗಿಡ್ಡ ಆಳು, ಎರಡು ಬೆರಳಿನ ಕೊರತೆ ಅಲ್ಲಿ ಸರಿಹೋಯಿತು. ಕೋಲು ಕೆಳಗಿಟ್ಟು ನೆಟ್ಟಗೆ ನಿಂತ. ಖಾಲಿಯಾದ ಕೈಗಳನ್ನು ನೋಡಿಕೊಂಡ. ಈಶಪ್ಪನ ಹಾಗೆ ಅವನು ತಬ್ಬಿಬ್ಬಾಗಲಿಲ್ಲ. ಕಟ್ಟೆಯ ಕೆಳಗೆ ಹೆಂಡತಿಯ ಸೆರಗು ಹಿಡಿದು ನಿಂತಿದ್ದ ಪುಟ್ಟ ಮಗಳನ್ನು ಬಾಗಿ ಎರಡೂ ಕೈಯಿಂದ ಎತ್ತಿಕೊಂಡ. ನಿಂತುಕೊಂಡು ಮಗಳನ್ನು ಎತ್ತಿದ್ದು ಅವನಿಗೆ ಅದೇ ಮೊದಲಿರಬೇಕು. ಕೂಸು ಅವನ ಮೀಸೆ ಹಿಡಿದು ನಗುತ್ತಿತ್ತು, ಅವನು ಅಳುತ್ತಿದ್ದ.

ಈಶಪ್ಪ ಕಾದ. ಚನ್ನಬಸವಣ್ಣ ಆಟದ ಮಾತೇ ಎತ್ತಲಿಲ್ಲ. ಕಡೆಗೆ ಇವನೇ ಹತ್ತಿರ ಹೋಗಿ, ರೂಲಿನ ಚಿಂತೆ ಬೇಡ, ಅದನ್ನು ತೆಗೆದು ಹಾಕೋಣ, ಸಂಜೆ ಆಡೋಣ ಎಂದ.

"ಬ್ಯಾಡೋ ಈಶಪ್ಪಣ್ಣ," ಎಂದ ಚನ್ನಬಸವಣ್ಣ, ಮಗಳನ್ನು ಕೆಳಗಿಳಿಸದೆ. "ಇನ್ನ ನಾ ಕುಂಡ್ರಂಗಿಲ್ಲ."

ಅವನಿಲ್ಲದ ಬೆಟಗೇರಿಗೆ ನಾಲ್ಕೇ ಜನ. ಉಳಿದವರನ್ನಾದರೂ ಕೂಡಿಸಿ ಏನಾದರೂ ಮಾಡೋಣವೆಂದು ಈಶಪ್ಪ ಅವಸರದಿಂದ ಹೊರಟರೆ, ಎರಡೂ ಊರಿನ ಆಟಗಾರರು ರಾಯರ ಸುತ್ತ ಕೂತು ತಮಗೂ ಒಂದೊಂದು ಕಾಲು ಮಾಡಿಸಿಕೊಡಿರೆಂದು ಹಟ ಹಿಡಿದಿದ್ದರು. ಗದಗ ಮತ್ತು ಬೆಟಗೇರಿ ಒಂದೇ ಮಾತು ಆಡಿದ್ದು ಅದೇ ಮೊದಲು. ಬಡಿಗ ಟೇಪು ತೆಗೆದುಕೊಂಡು, ಈ ಸಲ ಕಂಬಳಿ ಇಲ್ಲದೆ, ಅಳೆಯುತ್ತಿದ್ದ. ತನಗೂ ಇನ್ನೊಂದು ಸಿಕ್ಕೀತೇ ಎಂದು ಈಶಪ್ಪ ಬಾಯಿ ಬಿಟ್ಟು ಕೇಳಿಯೇಬಿಟ್ಟ. ರಾಯರು ಅವನ ಬೆನ್ನು ತಟ್ಟಿ, ಕಾಲು ದಾನ ಮಾಡಿದ ಮಹಾನುಭಾವನಿಗೆ ಮತ್ತೆ ಕಾಲು ಕೊಟ್ಟು ಅವನ ಪುಣ್ಯ ಕೆಡಿಸುವ ಪಾಪ ತಮಗೆ ಬೇಡವೆಂದರು.

ಈಶಪ್ಪ ಗೋದಾಮಿಗೆ ಹೋಗಿ ಮಣೆಯ ಮೇಲೆ ಒಬ್ಬನೇ ಕೂತ. ಪಂದ್ಯಕ್ಕೆಂದು ಕಟ್ಟಿದ ಮಾವಿನ ತೋರಣ ಹಾಗೇ ಇತ್ತು. ಬೆಳಿಗ್ಗೆ ಬರಿದಾದ ಕೈಗಳು ನೆನಪಾದವು. ತನಗೆ ಆ ಕೈಗಳಿಂದ ಮಾಡಲು ಏನೂ ತೋಚಲಿಲ್ಲವಲ್ಲ ಎಂದು ಅವನಿಗೆ ಬಹಳ ಕೆಡುಕೆನಿಸಿತು.

ಬಾಗಿಲಲ್ಲಿ ಹುಚ್ಚವ್ವ ನಿಂತಿದ್ದಳು. ಬೆಳ್ಳಟ್ಟಿಯ ಮೋಟಾರು ಆಗಷ್ಟೇ ಬಂದಿತ್ತು. ಸ್ಟ್ಯಾಂಡಿನಿಂದ ಬರುವ ದಾರಿಯಲ್ಲಿ ಸಿಕ್ಕವರೆಲ್ಲ, ಬೆಳಿಗ್ಗೆ ಅವನು ನಿಂತದ್ದನ್ನು ನೋಡಿ ಮಧ್ಯಾಹ್ನ ಕಟ್ಟೆಯ ಕಡೆ ಹೋಗದವರು, ಅವಳನ್ನು ನಿಲ್ಲಿಸಿ ಮಗನಿಗೆ ಕಾಲು ಬಂದ ಸುದ್ದಿ ಹೇಳಿದ್ದರು. ಮುದುಕಿಯ ಮುಖ ಕೂಸಿನ ಮುಖದಂತೆ ಅರಳಿತ್ತು.

"ನಿಂತು ಎರಡೂ ಕೈಲೆ ಮುಗದ್ಯಂತ," ಎಂದಳು. "ಓಣಿ ಮಂದಿ ಎಲ್ಲಾ ನೋಡ್ಯಾರ. ನಾ ಒಬ್ಬಾಕಿ ಉಳದೇನಿ."

ಈಶಪ್ಪ ಬಿಲ್ಲೆಯನ್ನು ಕೊಕ್ಕೆಯಿಂದ ಹತ್ತಿರ ಎಳೆದುಕೊಂಡ. "ಮೊದಲ ನನ್ನ ಆಟ ನೋಡಬೇ," ಎಂದ.

ಕೋಲು ಒತ್ತಿದ. ಎಣ್ಣೆಗಲ್ಲಿನ ಮೇಲೆ ಮಣೆ ಹಾರಿತು. ಬಿಲ್ಲೆಯನ್ನು ಎಡಕ್ಕೆ ತಳ್ಳಿ, ಬಲಕ್ಕೆ ಎಳೆದು, ಗರಗರ ತಿರುಗಿ, ಯಾರೂ ಕಾಯದ ಎರಡು ಡಬ್ಬಿಗಳ ನಡುವೆ ಹೊಡೆದ. ಅಂಥ ಗೋಲನ್ನು ಅವನು ಜನ್ಮದಲ್ಲಿ ಹೊಡೆದಿರಲಿಲ್ಲ. ಏದುಸಿರು ಬಿಡುತ್ತ ತಾಯಿಯ ಕಡೆ ನೋಡಿದ.

ಹುಚ್ಚವ್ವ ಕಡೆಯತನಕ ಕಣ್ಣು ಮುಚ್ಚದೆ ನೋಡಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೆರಡು ಹೆಜ್ಜೆ ಹತ್ತಿರ ಬಂದಳು.

"ಆತು, ನೋಡಿದೆ," ಎಂದಳು. "ಈಗ ಎದ್ದು ನಿಂದ್ರಪಾ."