ಸೊಣ್ಣಪ್ಪನವರು ನಮ್ಮನ್ನು ಅಗಲಿದ್ದು

ಚಿಂತಾಮಣಿಯಲ್ಲಿ ನಮ್ಮ ವಂಶಕ್ಕೆಲ್ಲ ಹಿರಿಯರಾದ ಸೊಣ್ಣಪ್ಪನವರು ಮಂಗಳವಾರ ಮುದ್ದೆ ಉಣ್ಣುತ್ತಿದ್ದಾಗ ತೀರಿಕೊಂಡರು. ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ನಡೆದದ್ದು ಇಷ್ಟು. ನಮ್ಮವರೆಲ್ಲ ಒಂದು ಮೊಬೈಲ್ ಗುಂಪಿನಲ್ಲಿದ್ದೇವೆ. ಬೆಳಗಾದರೆ ದೇವರ ಪಟ, ಗುಲಾಬಿ ಹೂವು, ಶುಭೋದಯ. ಈ ಭಾರಕ್ಕೆ ಸೊಣ್ಣಪ್ಪನವರ ಫೋನು ಉಸಿರುಗಟ್ಟಿ, ಅವರು ಗುಂಪು ಬಿಟ್ಟರು. ಗುಂಪಿನ ಅಡ್ಮಿನ್ ಅವರ ತಮ್ಮ ಆಂಜಿನಪ್ಪ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತರಾದವರು, ಶುದ್ಧ ಕನ್ನಡದ ಅಭಿಮಾನಿ. ಅವರು ಕೂಡಲೇ ಪ್ರಕಟಿಸಿದರು: "ಪೂಜ್ಯ ಸೊಣ್ಣಪ್ಪನವರು ಇಂದು ನಮ್ಮನ್ನೆಲ್ಲ ಅಗಲಿದ್ದಾರೆಂದು ತಿಳಿಸಲು ವಿಷಾದಿಸುತ್ತೇನೆ."

ಎರಡನೆಯ ಮುದ್ದೆ ಮುಗಿಯುವುದರೊಳಗೆ ಗುಂಪು "ಓಂ ಶಾಂತಿ"ಯಿಂದ ತುಂಬಿತು. ಮಾಲೂರಿನ ಸೋದರಳಿಯ ಅವರ ಫೋಟೋದ ಮುಂದೆ ದೀಪ ಉರಿಯುವಂತೆ ಮಾಡಿ ಕಳಿಸಿದ. ಸಂಜೆಗೆ ಹಾರ ಹಿಡಿದು ತಾನೇ ಬಂದ.

"ಯಾರಿಗ್ಲಾ ಹಾರ?" ಎಂದರು ಸೊಣ್ಣಪ್ಪ, ಜಗಲಿಯಿಂದ.

"ನಿನಗೇ ಮಾವ. ಏನಾಗಿತ್ತು ಪಾಪ?"

"ನನ್ನೇ ಕೇಳ್ತೀಯೇನ್ಲಾ?"

"ಮತ್ತಿನ್ಯಾರನ್ನ ಕೇಳ್ಲಿ? ಸತ್ತಿರೋನು ನೀನು."

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಭಾನುವಾರ ಮೊಮ್ಮಗಳು ಹೇಮಳ ಮದುವೆ. ತಂದೆಯಿಲ್ಲದ ಹುಡುಗಿ, ತಾತನೇ ಧಾರೆ ಎರೆಯಬೇಕು. ಸಾವಾದ ಮನೆಗೆ ಸೂತಕ. "ತಾತ ನೀರು ಬಿಡದೆ ನಾನು ಹಸೆಮಣೆ ಹತ್ತಲ್ಲ" ಎಂದು ಹುಡುಗಿ ಊಟ ಬಿಟ್ಟಳು.

ಸೊಣ್ಣಪ್ಪನವರು ಹೆಂಡತಿ ಪಿಳ್ಳಮ್ಮನವರೊಡನೆ ತಮ್ಮನ ಮನೆಗೆ ಹೋದರು.

"ಆಂಜಿ, ನಾನು ಬದುಕಿದೀನಿ ಅಂತ ಹಾಕೋ."

"ಹಾಕಬೌದಣ್ಣ. ಆದ್ರೆ ಜನ ಅಷ್ಟೊಂದು ಅತ್ತವ್ರೆ. ದುಬೈನಲ್ಲಿರೋ ನೆಂಟ್ರು ಬೇರೆ ಅತ್ತವ್ರೆ. ಅವ್ರ ಮರ್ವಾದಿ ಏನಾಗ್ಬೇಕು?"

"ಹಂಗಾದ್ರೆ ನನ್ನ ಮತ್ತೆ ಗುಂಪಿಗೆ ಸೇರಿಸ್ಕೋ."

"ಒಬ್ಬ ಸತ್ತೋನನ್ನ ಸೇರಿಸ್ಕೊಂಡ್ರೆ ನಾಳೆ ಎಲ್ಲಾ ಸತ್ತೋರೂ ಬರ್ತಾರೆ. ನಿಯಮ ಅಂತ ಒಂದೈತಲ್ಲಣ್ಣ."

"ಏನಯ್ಯಾ ಮೈದ್ನ, ನನ್ನ ಕುಂಕುಮ ನಿನ್ನ ಬೆರಳ ತುದೀಲೈತಾ?" ಎಂದರು ಪಿಳ್ಳಮ್ಮ.

"ಅತ್ತಿಗೆ, ಗುಂಪಿನಲ್ಲಿ ನೀವಿನ್ನೂ ಮುತ್ತೈದೇನೇ. ಅದನ್ನ ನಾನು ಮುಟ್ಟಿಲ್ಲ."

ವಿಷಯ ಪುರೋಹಿತರಿಗೆ ಹೋಯಿತು. ಸತ್ತನೆಂದು ಸುದ್ದಿಯಾದವನು ಮರಳಿ ಬಂದರೆ ಮತ್ತೆ ಹುಟ್ಟಬೇಕು ಎಂದು ಅವರು ಶಾಸ್ತ್ರ ತೋರಿಸಿದರು. ಅದರಂತೆ ಶುಕ್ರವಾರ ಸೊಣ್ಣಪ್ಪನವರಿಗೆ ಎಣ್ಣೆನೀರು ಹಾಕಿ, ಒಂದು ಕಾಲನ್ನು ತೊಟ್ಟಿಲಲ್ಲಿ ಇಡಿಸಿ, ನಾಲಿಗೆಗೆ ಜೇನು ನೆಕ್ಕಿಸಲಾಯಿತು. ತೀರಿಕೊಂಡ ಹಿರಿಯರ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಆದ್ದರಿಂದ ಸೊಣ್ಣಪ್ಪ ಎಂದೇ ಹೆಸರಿಟ್ಟರು.

ಹುಟ್ಟಿದರೆ ಪುರುಡು ಬರುತ್ತದಲ್ಲ ಎಂದು ಯಾರೋ ಕೇಳಿದರು. ಛತ್ರ ಮತ್ತೆ ಸಿಗದೆಂಬುದನ್ನು ಗಮನದಲ್ಲಿಟ್ಟು ಪುರೋಹಿತರು, "ಸಾವಿನ ಸೂತಕಕ್ಕೂ ಹುಟ್ಟಿನ ಪುರುಡಿಗೂ ವಜಾ" ಎಂದು ತೀರ್ಪಿತ್ತರು.

ಆದರೆ ಹಸುಗೂಸು ಧಾರೆ ಎರೆಯುವುದು ಹೇಗೆ? ಇಲ್ಲಿ ಆಂಜಿನಪ್ಪನವರ ಅನುಭವ ನೆರವಾಯಿತು. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಕಾರ್ಯ ನಿರ್ವಹಿಸತಕ್ಕದ್ದು ಎಂದು ಅವರು ಗುಂಪಿನಲ್ಲಿ ಪ್ರಕಟಿಸಿ, ಪಿಳ್ಳಮ್ಮನವರನ್ನು ಪೋಷಕರಾಗಿ ನೇಮಿಸಿದರು.

ಭಾನುವಾರ ಮುಹೂರ್ತಕ್ಕೆ ಪಿಳ್ಳಮ್ಮ ಗಂಡನ ಕೈ ಹಿಡಿದರು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ. ನೀರು ಹೇಮಳ ಬೊಗಸೆಗೆ ಬಿತ್ತು. ಸ್ವಲ್ಪ ಸೊಣ್ಣಪ್ಪನವರ ಗಡ್ಡದಿಂದಲೂ ಇಳಿಯಿತು; ಅದು ಕಣ್ಣಿನದೆಂದು ಕಾಣುತ್ತದೆ.

"ಅಳಬ್ಯಾಡ ತಾತ" ಎಂದಳು ಹೇಮ.

"ಮಗು ಅಂದ್ಮೇಲೆ ಅಳ್ತದಮ್ಮ" ಎಂದರು ಪುರೋಹಿತರು.

ಊಟದ ಹೊತ್ತಿಗೆ ಗುಂಪಿನಲ್ಲಿ ಪ್ರಕಟಣೆ ಬಂತು: "ನಮ್ಮ ವಂಶಕ್ಕೆ ಗಂಡು ಮಗುವಿನ ಆಗಮನ." ಜೊತೆಗೆ ಒಂದು ಫೋಟೋ. ಓಂ ಶಾಂತಿ ಹಾಕಿದವರೆಲ್ಲ ಶುಭಾಶಯ ಹಾಕಿದರು. ದುಬೈನವರು ಮಾತ್ರ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಹೀಗೆ ಬರೆದರು:

"ಮೂಗು, ಕಿವಿ ಎಲ್ಲಾ ಥೇಟ್ ದಿವಂಗತ ಸೊಣ್ಣಪ್ಪನವರದೇ. ಪಾಪ, ಅವರು ಇದನ್ನ ನೋಡೋಕೆ ಇರಬೇಕಿತ್ತು."

ಸೊಣ್ಣಪ್ಪನವರು ಹೆಂಡತಿಯ ಫೋನಿನಲ್ಲಿ ಓದಿ, ಹೌದೆಂದು ಹೆಬ್ಬೆರಳು ಒತ್ತಿದರು.