ಟ್ಯಾಂಕರ್ ಆಪ್

ಹನ್ನೆರಡಕ್ಕೆ ಮಗಳ ನಾಮಕರಣ, ಊಟಕ್ಕೆ ನಲವತ್ತು ಜನ, ಸಂಪಿನಲ್ಲಿ ಒಂದು ತೊಟ್ಟು ನೀರಿಲ್ಲ. ಮೊದಲಾಗಿದ್ದರೆ ನಚಿಕೇತ ಟ್ಯಾಂಕರ್ ಮುನಿಯಣ್ಣನಿಗೆ ಒಂದು ಫೋನ್ ಮಾಡುತ್ತಿದ್ದ. ಆದರೆ ಹೋದ ವಾರ ಜೆ.ಪಿ. ನಗರದ ಅವರ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ ಪ್ರಸನ್ನ ತಾನೇ ಒಂದು ಆಪ್ ತಯಾರಿಸಿ, ಇನ್ನು ಯಾರೂ ಫೋನ್ ಮಾಡಕೂಡದು, ಬುಕಿಂಗ್ ಎಲ್ಲ ಆಪ್‌ನಲ್ಲೇ ಎಂದು ಸಾರಿದ್ದ. ನಚಿಕೇತ ನಿಯಮ ಮೀರುವ ಜಾತಿಯವನಲ್ಲ. ಪಾಪ, ಅದೇ ಅವನ ರೋಗ.

"ಆಪ್ ಸಿಗ್ತಾನೇ ಇಲ್ವಲ್ರೀ?" ಎಂದು ಐಫೋನ್ ಹಿಡಿದು ಪ್ರಸನ್ನನ ಮನೆ ಬಾಗಿಲಲ್ಲಿ ನಿಂತ.

"ಸಾರ್, ನಿಮ್ ಐಫೋನು ಬೀಗ ಹಾಕಿರೋ ಮನೆ ಇದ್ದಂಗೆ. ಕಂಪ್ನಿಯವ್ರು ಬಿಟ್ಟಿದ್ದೇ ಒಳಗೆ ಬರ್ಬೇಕು. ನಂದು ಆಂಡ್ರಾಯ್ಡ್ ಆಪ್, ಫುಲ್ ಓಪನ್ನು! ಫೈಲ್ ಕಳಿಸ್ತೀನಿ, ಯಾರ್ ಬೇಕಾದ್ರೂ ಹಾಕೋಬಹುದು."

"ನಾನು?"

"ನೀವೊಬ್ರು ಬಿಟ್ಟು."

ಎಲ್ಲರಿಗೂ ತೆರೆದದ್ದು ತನಗೆ ಮಾತ್ರ ಹೇಗೆ ಮುಚ್ಚಿತು ಎಂದು ನಚಿಕೇತನಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ಸರ್ವಮಂಗಳಾ ಆಂಟಿ ಕಾಂಪೌಂಡಿನಿಂದಲೇ, "ಆಫ್ ಮಾಡಿ ಆನ್ ಮಾಡಪ್ಪ. ನಮ್ ಮಿಕ್ಸಿ ಹಂಗೇ ಸರಿಹೋಗಿದ್ದು" ಎಂದರು. ಆಫ್ ಮಾಡಿದ, ಆನ್ ಮಾಡಿದ. ಏನೂ ಆಗಲಿಲ್ಲ. ಹೆಂಡತಿ ಇಂಚರಳ ಫೋನೂ ಅದೇ ಜಾತಿಯದು. ಎರಡನ್ನೂ ಭಾಮೈದ ಮೋಹಿತ್ ಪ್ರೀತಿಯಿಂದ ಕೊಡಿಸಿದ್ದ.

"ರೀ, ಅಡಿಗೆಯವ್ರು ಅಕ್ಕಿ ತೊಳೆಯಕ್ಕೆ ನೀರು ಕೇಳ್ತಿದಾರೆ!" ಇಂಚರಳ ದನಿ ತಮ್ಮ ಮನೆಯೊಳಗಿನಿಂದ ಬಂತು.

ನಚಿಕೇತ ಜಯನಗರ ನಾಲ್ಕನೇ ಬ್ಲಾಕಿಗೆ ಓಡಿದ. ಐಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಆಂಡ್ರಾಯ್ಡ್ ತಂದ. ಫೈಲ್ ಹಾಕಿದ ಕೂಡಲೇ ಆಪ್ ತೆರೆಯಿತು; ಒಂದು ಲೋಡು ಕೇಳಿದರೆ, 'ಬುಕಿಂಗ್ ಆಗಿದೆ' ಎಂದು ಹಸಿರು ಗುರುತು ತೋರಿಸಿತು. ಅವನಿಗೆ ಸಂತೋಷದಿಂದ ಕಣ್ಣೇ ತುಂಬಿತು. ಬೆಳಗಿನಿಂದ ಆ ಮನೆಯಲ್ಲಿ ಕಂಡ ನೀರು ಅಷ್ಟೇ.

ಹನ್ನೊಂದೂವರೆಗೆ ಟ್ಯಾಂಕರ್ ಬಂತು. ಬಂದದ್ದು ನಿಲ್ಲದೆ ಹೊರಟೇಹೋಗುತ್ತಿತ್ತು. ನಚಿಕೇತ ಅಡ್ಡ ನಿಂತು ಫೋನ್ ತೋರಿಸಿದ.

"ಆಪಾ? ಅದೇನ್ ಸಾರ್?" ಮುನಿಯಣ್ಣ ಜೇಬಿನಿಂದ ಗುಂಡಿ ಒತ್ತುವ ಹಳೇ ಫೋನ್ ತೆಗೆದ. "ಇದ್ರಲ್ಲಿ ಬರೀ ಮಾತಾಡಕ್ಕಾಗೋದು. ಫೋನ್ ಮಾಡ್ದೋರಿಗೆಲ್ಲ ನೀರು ಬಿಟ್ಟೆ. ಇವತ್ತಿನ ಕೊನೇ ಲೋಡು ಈಗ್ತಾನೇ ಆಯ್ತು."

"ಯಾರಿಗೆ?"

"ಪ್ರಸನ್ನ ಸಾರ್‌ಗೆ. ಬೆಳಿಗ್ಗೆನೇ ಫೋನ್ ಮಾಡಿದ್ರು."

ಖಾಲಿ ಟ್ಯಾಂಕರ್ ಮುಂದೆ ಹೋಯಿತು. ಅದರ ಹಿಂದಿದ್ದ ಆಟೋದಿಂದ ರೇಷ್ಮೆ ಪಂಚೆ ಉಟ್ಟ ಮೋಹಿತ್ ನಗುನಗುತ್ತ ಇಳಿದ.

"ಭಾವ, ಫಸ್ಟ್ ಒಂದು ಸೆಲ್ಫಿ! ತೆಗೀರಿ, ನಾನ್ ಕೊಡಿಸಿದ್ ಫೋನು."