ಹ್ಯಾಮಿಶನ ಮೀನಖಂಡ

ಹ್ಯಾಮಿಶ್ ಬೆಗ್ ಚಹಾದ ತಟ್ಟೆ ಹಿಡಿದು ಬಾಗಿದ್ದೇ ತಪ್ಪಾಯಿತು. ಬಿಳಿ ರೇಷ್ಮೆ ಕಾಲುಚೀಲದೊಳಗೆ ಒಲೆಯಿಂದ ಈಗಷ್ಟೇ ತೆಗೆದ ಬ್ರೆಡ್ಡಿನಂತೆ ಉಬ್ಬಿದ್ದ ಅವನ ಮೀನಖಂಡ ರಾಜಕುಮಾರಿ ಒಟಿಲಿಯಾರ ಕಣ್ಣಿಗೆ ಬಿತ್ತು.

"ಇವನೇ ಆಗ್ಬೇಕು. ಮಧ್ಯಾಹ್ನದ ಫೋಟೋಗೆ ರೋಮಿನ ಕಾವಲುಗಾರ ಸಿಕ್ಕಿದ. ಕಾಲಿಗೆ ಚಪ್ಪಲಿ ಬಿಟ್ಟು ಇನ್ನೇನೂ ಬೇಡ."

ಮಳೆ ಹಿಡಿದು ಜಿಂಕೆ ಬೇಟೆ ತಪ್ಪಿದರೆ ಆ ಕೋಟೆಯಲ್ಲಿ ಇದೇ ಆಟ. ರಾಜಮನೆತನದವರು ವೇಷ ಹಾಕಿ ಗೊಂಬೆಗಳಂತೆ ನಿಲ್ಲುವರು, ಅಬರ್ಡೀನ್ ಪಟ್ಟಣದಿಂದ ಬಂದ ಫೋಟೋದವನು ಚಿತ್ರ ತೆಗೆಯುವನು. ಜನ ಸಾಲದಿದ್ದರೆ ಆಳುಗಳೂ ನಿಲ್ಲಬೇಕು.

ಹ್ಯಾಮಿಶ್ ಅಡುಗೆಮನೆಗೆ ಓಡಿಬಂದ. ಆ ಮೀನಖಂಡ ಅವನದಾಗಿರಲಿಲ್ಲ, ಕುರಿಯ ಉಣ್ಣೆ ತುಂಬಿದ ಎರಡು ದಿಂಬುಗಳಾಗಿದ್ದವು. ಊಟ ಬಡಿಸುವ ಆಳಿಗೆ ಎತ್ತರವೂ ತುಂಬಿದ ಕಾಲೂ ಇರಲೇಬೇಕೆಂಬುದು ಮೇಲ್ವಿಚಾರಕ ಡಲ್ಗಾರ್ನೊನ ಕಟ್ಟುನಿಟ್ಟು. ಕಾಲಿನ ವಿಷಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಹಿಂದಿನವನು ಈಗ ಬಂದರಿನಲ್ಲಿ ಮೀನು ಸೀಳುತ್ತಿದ್ದ.

"ಜ್ವರ ಅಂತ ಮಲ್ಕೊಂಬಿಡು," ಎಂದಳು ಅಡುಗೆಯವಳು.

"ಮಲಗಿದ್ರೆ ವೈದ್ಯರು ಬಂದು ಕಾಲಿಗೇ ಶಾಖ ಕೊಡ್ತಾರಲ್ಲಕ್ಕ."

ಬಟ್ಟೆ ಒಗೆಯುವ ಎಲ್ಸ್‌ಪೆತ್ ನಕ್ಕಳು. "ಯಾರ ಹತ್ರ ಮುಚ್ಚಿಡ್ತೀಯೋ ಮಾರಾಯ? ನಿನ್ನ ಕಾಲುಚೀಲ ಒಗೆಯೋಳು ನಾನು. ಹೋದ ವರ್ಷ ಅಪ್ಸರೆ ವೇಷಕ್ಕೆ ಹೊಲಿಸಿದ ಮೈಬಣ್ಣದ ಚೀಲ ಇದೆ. ದಿಂಬಿನ ಮೇಲೆ ಎಳ್ಕೋ, ದೂರದಿಂದ ಚರ್ಮವೇ ಅನ್ಸುತ್ತೆ."

"ಹೆಂಗಸರ ಚೀಲನಾ?"

"ಮೀನು ಸೀಳೋದಕ್ಕಿಂತ ವಾಸಿ ಅಲ್ವೇನೋ?"

ಗಾಜಿನ ಹೂಮನೆಯಲ್ಲಿ ಚಕ್ರವರ್ತಿಯ ವೇಷದ ವೃದ್ಧ ರಾಜಕುಮಾರ ಎಗ್ಬರ್ಟ್ ಬಿಳಿ ನಿಲುವಂಗಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮೂಗಿನವರೆಗೆ ಶಿರಸ್ತ್ರಾಣ ಇಳಿಬಿಟ್ಟು, ಈಟಿ ಹಿಡಿದು ಹ್ಯಾಮಿಶ್ ನಿಂತ.

"ಈಗ ಯಾರೂ ಅಲುಗಬೇಡಿ," ಎಂದ ಫೋಟೋದವನು.

ಆಗಲೇ ಎಡಗಾಲಿನ ದಿಂಬು ಅಲುಗಿತು. ಬೆವರಿಗೆ ಜಾರಿ, ಗೂಡು ಬದಲಿಸುವ ಇಲಿಯಂತೆ ಮೆಲ್ಲಗೆ ಸುತ್ತಿಬಂದು ಮೊಳಕಾಲಿನ ಮುಂದೆ ಕೂತಿತು. ಕೈ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಎಗ್ಬರ್ಟರ ಕಣ್ಣು ಮಾತ್ರ ಕೆಳಗಿಳಿದು ಅಲ್ಲೇ ನಿಂತಿತು.

ಸ್ವಲ್ಪ ಹೊತ್ತಿಗೆ ಅವರ ಕೋಣೆಗೆ ಕರೆ ಬಂತು. ಹ್ಯಾಮಿಶನ ಮೂಗಿಗೆ ಆಗಲೇ ಮೀನಿನ ವಾಸನೆ ಹೊಡೆಯಿತು.

"ಬಾಗಿಲು ಹಾಕು. ನಮ್ಮ ಫೋಟೋ ಮೂಡಿದ ಆ ಗಾಜಿನ ಫಲಕವನ್ನ ಮೊದಲು ನೋಡಿದವನು ನಾನು. ನೋಡ್ತಾ ನೋಡ್ತಾ ಕೈ ಜಾರಿ ಒಡೆದುಹೋಯ್ತು, ಪಾಪ," ಎಂದರು ಎಗ್ಬರ್ಟ್. ಆಮೇಲೆ ತಮ್ಮ ನಿಲುವಂಗಿ ಎತ್ತಿದರು. ಕೆಳಗೆ ಕೊಕ್ಕರೆಗೂ ಸಂಕೋಚವಾಗುವಂಥ ಕಾಲುಗಳಿದ್ದವು. "ನಾಳಿದ್ದು ನಾವೆಲ್ಲ ಮಂಡಿವರೆಗಷ್ಟೇ ಬರೋ ಆ ಕಿಲ್ಟ್ ಲಂಗ ಉಟ್ಟು ನಿಲ್ಬೇಕಂತೆ. ನಿನ್ನ ಅವೆರಡನ್ನ ಬಿಚ್ಚು."

"ನನ್ನ ಕೆಲಸ ಹೋಗುತ್ತೆ, ದೊರೆ."

"ಹೋಗಲ್ಲ. ನಿನ್ನ ಕಾಲಿನ ಸುದ್ದಿ ಎತ್ತಕೂಡ್ದು ಅಂತ ಡಲ್ಗಾರ್ನೊಗೆ ಹೇಳಿರ್ತೀನಿ."

ರಾತ್ರಿಯೂಟಕ್ಕೆ ಹ್ಯಾಮಿಶ್ ತನ್ನ ಸ್ವಂತ ಕಾಲಿನಲ್ಲೇ ಸೂಪು ತಂದ. ಡಲ್ಗಾರ್ನೊ ಹಲ್ಲು ಕಡಿಯುತ್ತಲೇ ದಾರಿ ಬಿಟ್ಟ. ಹ್ಯಾಮಿಶನಿಗೆ ಆ ಸೂಪಿನ ಪಾತ್ರೆಯೂ ಹಗುರವೆನಿಸಿತು.

ರಾಜಕುಮಾರಿ ಚಮಚ ಕೆಳಗಿಟ್ಟರು. "ಡಲ್ಗಾರ್ನೊ, ಈ ಒಣಕಲು ಕಾಲಿನವನು ಹೊಸಬನೇನು? ಎಂಥಾ ಕಾಲು, ವರ್ಷಗಟ್ಟಲೆ ಕತ್ತಲಲ್ಲಿ ಕೊಳೆತ ಹಾಗಿದೆ. ಫಲಕ ಒಡೆದದ್ದು ಒಳ್ಳೇದೇ ಆಯ್ತು. ನಾಳೆ ಬೆಳಗ್ಗೆ ಹೊಸದಾಗಿ ತೆಗೆಯೋಣ, ಇವನು ಖೈದಿ."

"ಅಪ್ಪಣೆ, ಮಹಾಸ್ವಾಮಿನಿ."

"ಪಕ್ಕದಲ್ಲಿ ಇವತ್ತಿನ ಆ ದಪ್ಪ ಕಾಲಿನ ಕಾವಲುಗಾರ ನಿಲ್ಲಲಿ. ಒಂದೇ ಸರಪಳಿಲಿ ಇಬ್ಬರನ್ನೂ ಬಿಗೀರಿ."

ರಾಜಮನೆತನದವರಿಗೆ ಆಗುವುದಿಲ್ಲ ಎಂದು ಹೇಳುವ ಪದ್ಧತಿ ಆ ಕೋಟೆಯಲ್ಲಿ ಇರಲಿಲ್ಲ. ಡಲ್ಗಾರ್ನೊ ಹ್ಯಾಮಿಶನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿ, ಬಹಳ ದಿನಗಳ ಮೇಲೆ ಮುಗುಳ್ನಕ್ಕ.

"ಇಬ್ರೂ ಬೆಳಗ್ಗೆನೇ ಹಾಜರಾಗ್ತಾರೆ, ಮಹಾಸ್ವಾಮಿನಿ. ಒಬ್ಬ ತಪ್ಪಿಸಿಕೊಂಡ್ರೂ ಇಬ್ರನ್ನೂ ಕೆಲಸದಿಂದ ತೆಗೀತೀನಿ."